ಹಿಂಡದ ಬಟ್ಟೆ

ಅಂಜಿನಿ,

ನೀನೂ ಪಾಪೂ ಒಳ್ಳೇ ನಿದ್ದೇಲಿದ್ರಿ, ಎಬ್ಬಿಸಲಿಲ್ಲ. ಅವಳ ಬಟ್ಟೆಯೆಲ್ಲ ಒಗೆದು ಹಿತ್ತಲ ಹಗ್ಗಕ್ಕೆ ಹಾಕಿದ್ದೀನಿ. ಸೋಪು ಎಲ್ಲೂ ಸಿಗ್ತಿಲ್ಲ, ಅಂಟುವಾಳದಲ್ಲೇ ಒಗೆದೆ. ಹಗ್ಗದ ಕೆಳಗೆ ಇನ್ನೊಂದು ಹಲಸೂರು ಕೆರೆ ಆಗಿದೆ, ಕಾಲು ಜಾರೀತು, ನೋಡ್ಕೊಂಡು ನಡಿ.

ಯಾಕಂದ್ರೆ ಒಂದನ್ನೂ ಹಿಂಡಿಲ್ಲ.

ಗೊತ್ತು, ನಗ್ತೀಯ. ಎಳೇ ಮಗೂ ಬಟ್ಟೆ ಹಿಂಡಿದ್ರೆ ಮಗು ಮೈ ನುಲಿಯುತ್ತೆ ಅಂತ ನಿನ್ನೆ ಅಮ್ಮ ಹೇಳಿದಾಗ, ವಿಮಾನದ ಕಾರ್ಖಾನೆ ಫಿಟ್ಟರ್ ನಾನು, ಬೀದಿಗೆಲ್ಲ ಕೇಳೋ ಹಾಗೆ ಭಾಷಣ ಬಿಗಿದೆ. ಆಮೇಲೆ ಬೋಲ್ಟು ತಿರುಗಿಸೋ ಕೈಯಲ್ಲಿ ಕುಲಾವೀನೂ ಬಿಡದೆ ಹಿಂಡಿದೆ. ಸಂಜೆ ಪಾಪು ಮೈ ನುಲಿದು ಅತ್ತಿದ್ದು ಹೊಟ್ಟೆ ಉಬ್ಬರಕ್ಕೇ. ಅದರಲ್ಲಿ ನಂಗೆ ಈಗಲೂ ಅನುಮಾನ ಇಲ್ಲ. ಆದ್ರೂ ಇವತ್ತು ಹಿಂಡೋಕೆ ಕೈ ಬರಲಿಲ್ಲ ಕಣೇ.

ಹತ್ತು ಗಂಟೆಗೆ ಬಿಸಿಲು ಗೋಡೆ ಕಡೆ ಬರುತ್ತೆ, ಬಟ್ಟೆ ಅಲ್ಲಿಗೆ ಹಾಕು. ಅಮ್ಮ ಕೇಳಿದ್ರೆ, ‘ಅವರಿಗೆ ಕೆಲಸಕ್ಕೆ ಹೊತ್ತಾಗಿತ್ತು, ಹಿಂಡೋದು ಮರೆತ್ರು’ ಅನ್ನು. ಅಮ್ಮನಿಗೆ ಓದೋಕೆ ಬರಲ್ಲ ಅನ್ನೋ ಧೈರ್ಯದ ಮೇಲೆ ಇದೆಲ್ಲ ಬರೀತಿದ್ದೀನಿ.

ನನ್ನ ಬನೀನು ಹುಡುಕಬೇಡ. ನಿನ್ನೆ ಪಾಪೂನ ಅದರಲ್ಲೇ ಸುತ್ತಿದ್ವಲ್ಲ, ಈಗ ಅದು ಅವಳ ಬಟ್ಟೆಯೋ ನಂದೋ ತೀರ್ಮಾನ ಆಗಲಿಲ್ಲ. ಇರೋದೊಂದೇ ಬನೀನು. ಅದನ್ನೂ ಒಗೆದು, ಹಿಂಡದೆ, ಒದ್ದೆಯಲ್ಲೇ ತೊಟ್ಕೊಂಡು ಕೆಲಸಕ್ಕೆ ಹೊರಟಿದ್ದೀನಿ.

ಫಿಟ್ಟರ್ ಚಲುವಯ್ಯ