ಮಡುವಿನ ಹಾವುತಲೆಗಳು

ಘತ್ತರಗಿ
ತಾ. ೧೪ ಮೇ ೧೯೪೧

ಪ್ರೀತಿಯ ಮಗಳು ಚಂದಮ್ಮಳಿಗೆ,

ನಿನ್ನ ಅಪ್ಪನ ಆಶೀರ್ವಾದ. ನೀನೂ ಅಳಿಯಂದಿರೂ ಸರಸಂಬಾದಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಹನ್ನೆರಡು ದಿನ ಹರಿಗೋಲಿನಲ್ಲೇ ಕಳೆದೆ. ಕೈಗೆಲ್ಲ ಕಪ್ಪೆಯ ವಾಸನೆ ಹತ್ತಿದೆ, ಕಾಗದಕ್ಕೂ ಹತ್ತಿರಬಹುದು.

ಗುಡಿಯ ಕೆಳಗಿನ ಮಡುವಿನಲ್ಲಿ ಕೆಂಪು ಬಾಲದ ಸಣ್ಣ ಮೀನು ಕಾಣುವುದೇ ಅಪರೂಪವಾಗಿತ್ತು. ಬೇಸಿಗೆಯಲ್ಲಿ ಭೀಮೆ ಬತ್ತಿದಾಗ ಅವು ಉಳಿಯುವುದು ಅಲ್ಲಿ ಮಾತ್ರ. ಮಳೆ ಬಂದ ಮೇಲೆ ಅಲ್ಲಿಂದಲೇ ಹೊಳೆಗೆಲ್ಲ ಹರಡುತ್ತವೆ. ಎರಡು ವರ್ಷದ ಹಿಂದೆ ಗಾಳದ ಶೋಕಿಯ ಸಾಹೇಬರೊಬ್ಬರು ಕೆರೆಯಿಂದ ಹಾವುತಲೆ ಮೀನಿನ ಮರಿ ತರಿಸಿ ಕೆಳಗಿನ ಹೊಳೆಗೆ ಬಿಡಿಸಿದ್ದರಲ್ಲ, ಈಗ ಮಡುವಿನಲ್ಲೂ ಅವೇ. ಮೊಳದುದ್ದ ಬೆಳೆದು ಸಣ್ಣವನ್ನೆಲ್ಲ ನುಂಗುತ್ತಿದ್ದವು. ಮಳೆಗೆ ಮೊದಲು ತೆಗೆಯದಿದ್ದರೆ ಕೆಂಪುಬಾಲದ ವಂಶವೇ ಮುಗಿಯುತ್ತಿತ್ತು. ಆದರೆ ಅಮ್ಮನ ಮಡುವಿನಲ್ಲಿ ಯಾರೂ ಮೀನು ಹಿಡಿಯುವಂತಿಲ್ಲ. ಹೀಗಾಗಿ ಈ ಹಾವುತಲೆ ಕಳ್ಳರಿಗೂ ದೇವಿಯೇ ಕಾವಲು.

ಕೊನೆಗೆ ಪೂಜಾರಿ ಬೀರಲಿಂಗಪ್ಪನವರು ಮೂರ್ತಿಗೆ ಹೂ ಏರಿಸಿ ಅಪ್ಪಣೆ ಕೇಳಿದರು. ಎಷ್ಟು ಹೊತ್ತಾದರೂ ಹೂ ಬೀಳಲೊಲ್ಲದು. ನಿನ್ನ ಸೋದರತ್ತೆ ಸಕ್ಕುಬಾಯಿ ಸುಮ್ಮನಿರುವವಳೇ?

"ಪೂಜಾರಪ್ಪ, ಹೂವಿಗಿ ನೀರ ಭಾಳ ಹಚ್ಚೀರಿ. ಅದು ಒಣಗೂತನಾ ಕೆಂಪಬಾಲ ಒಂದೂ ಉಳ್ಯಾಂಗಿಲ್ರಿ."

ಪೂಜಾರಿಯೂ ನಕ್ಕರು. ನಗು ನಿಲ್ಲುವಷ್ಟರಲ್ಲಿ ಹೂ ಬಲಕ್ಕೆ ಬಿತ್ತು. ಬಲೆ ಬೀಸಿದರೆ ಸಣ್ಣವೂ ಸಿಗುತ್ತವೆ, ಕಪ್ಪೆ ಕಟ್ಟಿದ ಗಾಳವೇ ಆಗಬೇಕೆಂದು ಹಿರಿಯರು ಗೊತ್ತುಮಾಡಿದರು. ಮಡು ಬಲ್ಲ ಅಂಬಿಗನೆಂದು ಕೆಲಸ ನನಗೆ ಬಂತು.

ಮೊದಲನೆಯದು ಕಚ್ಚಿದಾಗ ನನ್ನ ಕೈ ಏಳಲಿಲ್ಲ. ದಂಡೆಯಿಂದ ಸಕ್ಕುಬಾಯಿ ಕೂಗಿದಳು: "ಎಳಿಯೋ ಧರ್ಮಾ, ಬೀಗರ ಕೂಡ ಮಾತಾಡ್ದಂಗ ನಿಂತೀಯಲ್ಲೋ."

ಎಳೆದೆ. ದಾರ ಕಡಿಯಿತು, ಮೀನು ಹೋಯಿತು, ನಾನು ನೀರಿನಲ್ಲಿದ್ದೆ. ಆಮೇಲೆ ಹದಿನಾಲ್ಕು ಹಿಡಿದೆ. ಸಕ್ಕುಬಾಯಿಯ ಮೀನಿನ ಸಾರಿಗೆ ಓಣಿಯೇ ಸಾಲು ಹಿಡಿದು ಕೂತಿತ್ತು. ನಾನು ಹೊಟ್ಟೆ ಸರಿಯಿಲ್ಲವೆಂದು ಹೇಳಿ ಬರೀ ರೊಟ್ಟಿ, ಶೇಂಗಾ ಹಿಂಡಿ ತಿಂದೆ.

ಮೂರು ದಿನದಿಂದ ಗಾಳದ ಕಪ್ಪೆಗಳು ನಿಶ್ಚಿಂತೆಯಾಗಿ ಈಜಾಡುತ್ತಿವೆ, ನುಂಗುವವರಿಲ್ಲ. ಬಂಡೆಯ ನೆರಳಿನಲ್ಲಿ ಕೆಂಪು ಬಾಲಗಳ ಸಣ್ಣ ಹಿಂಡೊಂದು ಹೊರಬಂದಿದೆ. ಮಳೆ ಬೀಳುವ ಮೊದಲು ಬಂದು ನೋಡಿಕೊಂಡು ಹೋಗು. ದೇವಿ ನಿಮ್ಮ ಮನೆಯನ್ನು ತಣ್ಣಗಿಡಲಿ.

ನಿನ್ನ ಅಪ್ಪ,
ಧರ್ಮಣ್ಣ

ತಾ. ಕ.: ಹಾವುತಲೆಗಳು ಕೆಳಗಿನ ಹೊಳೆಯಿಂದ ಹತ್ತಿ ಬಂದವೆಂದು ಊರು ನಂಬಿದೆ. ಹತ್ತಿ ಬರಲಿಲ್ಲ. ನಿಮ್ಮವ್ವ ಜ್ವರದಲ್ಲಿ ಮಲಗಿದ್ದಾಗ, ಅಮ್ಮನ ಮಡುವಿಗೆ ಜೀವಂತ ಮೀನು ಬಿಟ್ಟು ಬೇಡಿಕೋ ಎಂದು ಯಾರೋ ಹೇಳಿದರು. ಸಾಹೇಬರ ಮರಿಗಳಲ್ಲಿ ಒಂದು ಕೊಡ ತಂದು ಸುರಿದವನು ನಾನೇ. ಮೀನು ಬದುಕಿದವು, ಅವಳು ಹೋದಳು. ಅವು ಉಸಿರಿಗೆ ಮೇಲೆದ್ದಾಗಲೆಲ್ಲ ಅವಳ ಉಸಿರೇ ಎಂಬಂತೆ ನೋಡುತ್ತ ಎರಡು ವರ್ಷ ಕಳೆದೆ. ಮೊದಲನೆಯದಕ್ಕೆ ಏಳದ ಕೈ ಕೊನೆಯದನ್ನು ಸಲೀಸಾಗಿ ಎಳೆದು ಹಾಕಿತು. ಅದೇ ಸಂಕಟ, ಮಗಳೇ.