ಅಪ್ಪನ ಓಕೆ

ಮಾರ್ಚ್ 3, ಬೆಳಿಗ್ಗೆ

ಮುಖ ಒರೆಸಿದ್ದಾಯಿತು. ಮಗ್ಗುಲು ಬದಲಿಸಿದ್ದಾಯಿತು. ಹಾಲಲ್ಲಿ ನೆನೆಸಿದ ಬ್ರೆಡ್, ಅರ್ಧ ಅಪ್ಪನ ಬಾಯಿಗೆ, ಅರ್ಧ ನನ್ನ ತೋಳಿನ ಮೇಲೆ. “ಸಾಕಾ ಅಪ್ಪಾ?” “ಓಕೆ.” “ಇನ್ನೊಂಚೂರು?” “ಓಕೆ.” ಸ್ಟ್ರೋಕ್ ಆದಮೇಲೆ ಉಳಿದಿರುವುದು ಇದೊಂದೇ ಮಾತು. ಕೆಲವರಿಗೆ ಹಾಗಾಗುತ್ತದಂತೆ, ಡಾಕ್ಟರ್ ಹೇಳಿದರು. ನನ್ನ ಪುಣ್ಯ, ಬೈಗುಳ ಉಳಿಯಲಿಲ್ಲ.

ಮಾರ್ಚ್ 5

ಈಗೀಗ ರಾಗ ತಿಳಿಯುತ್ತಿದೆ. ಗಿಡ್ಡ ಓಕೆ ಅಂದರೆ ಹೂಂ. ಎಳೆದ ಓಕೇ... ಅಂದರೆ ಬೇಡ. ಒಟ್ಟೊಟ್ಟಿಗೆ ಎರಡು ಬಂದರೆ ಎಲ್ಲೋ ನೋವು. ಟೀವಿ ಆಫ್ ಮಾಡಿದಾಗ ಬರುವ ಓಕೆಯ ಅರ್ಥ ಬರೆಯುವ ಹಾಗಿಲ್ಲ.

ನಾನು ಕೆಲಸ ಮಾಡುವ ಲ್ಯಾಬಿನಿಂದ ಫೋನ್. ಇನ್ನು ರಜೆ ಕೊಡಲಾಗುವುದಿಲ್ಲವಂತೆ. ಅಪ್ಪನನ್ನು ಎತ್ತಿ ಇಳಿಸಿ ನನ್ನ ಸೊಂಟ ಸತ್ತೇ ಹೋಗಿದೆ.

ಮಾರ್ಚ್ 9, ಭಾನುವಾರ

ಅಣ್ಣ, ಅತ್ತಿಗೆ ಬಂದಿದ್ದರು. ಊರಾಚೆ ಒಂದು ಆರೈಕೆ ಕೇಂದ್ರ ನೋಡಿದ್ದಾರೆ. ಹಗಲೂ ರಾತ್ರಿ ನರ್ಸ್. ಹಾಸಿಗೆ ಒಂದು ಖಾಲಿ ಇದೆ, ಮುಂದಿನ ಭಾನುವಾರವೇ ಸೇರಿಸಬೇಕು. ಅಣ್ಣ ಬಗ್ಗಿ ಕೇಳಿದ: “ಅಪ್ಪಾ, ಅಲ್ಲಿ ಚೆನ್ನಾಗ್ ನೋಡ್ಕೋತಾರೆ. ಹೋಗ್ತೀರಾ?”

“ಓಕೇ...”

“ನೋಡು, ಅಪ್ಪನೇ ಒಪ್ಪಿದ್ರು.”

“ಅದು ಎಳೆದಿದ್ದು ಕಣೋ. ಬೇಡ ಅಂತ.”

“ನಿಂದೊಳ್ಳೆ ಕಥೆ! ಪ್ರಿಂಟಿಂಗ್ ಪ್ರೆಸ್ಸಲ್ಲಿದ್ದಾಗ ಅಪ್ಪ ಅಚ್ಚಾದ ಮೊದಲ್ನೇ ಹಾಳೆ ನೋಡಿ ಅದರ ಮೇಲೆ ಓಕೆ ಅಂತ ಬರೆದ್ರೆ ಮುಗೀತು, ಮೆಷಿನ್ ಓಡ್ಲೇಬೇಕು. ವಾಪಸ್ ತಗೊಂಡಿದ್ದು ಒಂದ್ಸಲಾನಾದ್ರೂ ನೋಡಿದ್ಯಾ?”

ನೋಡಿಲ್ಲ. ಮನೆಯಲ್ಲೂ ಹಾಗೇ. ನನ್ನ ಕಾಲೇಜು, ಅಣ್ಣನ ಮದುವೆ, ಎಲ್ಲ ಅಪ್ಪ ಓಕೆ ಅಂದಮೇಲೆ ಆದದ್ದು. ಎದುರಾಡಿದವರಿಲ್ಲ. ಅತ್ತಿಗೆಯದು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ: “ನಿಮಗೂ ರೆಸ್ಟ್ ಬೇಕಲ್ವಾ... ಆದ್ರೆ ನಿಮ್ಮಿಷ್ಟಪ್ಪ.”

ಮಾರ್ಚ್ 12

ಇವತ್ತು ನಾನೇ ಕೇಳಿದೆ. “ಹೋಗ್ತೀರಾ ಅಪ್ಪಾ?” ಎಳೆದರು. ಮತ್ತೆ ಕೇಳಿದೆ. ಎಳೆದರು. ಮೂರನೆಯ ಸಲ ಗಿಡ್ಡದ್ದು ಬರಲಿ ಅಂತ ಕಾದೆ. ಥೂ, ನನ್ನ ಜನ್ಮಕ್ಕಿಷ್ಟು. ನಾಚಿಕೆಯಾಯಿತು. ಆದರೂ ಕಾದೆ.

ಮಾರ್ಚ್ 16, ಮಧ್ಯಾಹ್ನ

ಕಾರು ಬೆಳಿಗ್ಗೆಯೇ ಬಂತು. ಅಪ್ಪನ ಗಾಲಿಕುರ್ಚಿಯನ್ನು ಬಾಗಿಲವರೆಗೆ ತಳ್ಳಿದ ಅಣ್ಣ ಡ್ರೈವರ್ ಎದುರಿಗೇ ಕೇಳಿದ: “ಹೊರಡೋಣ್ವಾ ಅಪ್ಪಾ? ಓಕೆನಾ?”

ಅಪ್ಪ ತುಟಿ ಬಿಗಿದುಕೊಂಡರು. ಮತ್ತೆ ಕೇಳಿದ. ಊಹೂಂ. ಇದ್ದ ಒಂದು ಮಾತನ್ನೂ ಕೊಡಲಿಲ್ಲ. ಅಣ್ಣನ ಮುಖ ಸಪ್ಪಗಾಯಿತು. ಅಪ್ಪನ ಓಕೆ ಇಲ್ಲದೆ ಈ ಮನೆಯಲ್ಲಿ ಏನೂ ನಡೆದದ್ದಿಲ್ಲ. ನನ್ನ ಕಡೆ ತಿರುಗಿದ.

“ನೀನಾದ್ರೂ ಹೇಳೇ. ಬೇಡ ಅಂದ್ರೆ ಈಗ್ಲೇ ಕಾರು ವಾಪಸ್ ಕಳಿಸ್ತೀನಿ, ನಿನ್ನಾಣೆ.”

ಅಪ್ಪ ನನ್ನನ್ನೇ ನೋಡುತ್ತಿದ್ದರು. ‘ಬೇಡ’ ಬಾಯಿಯವರೆಗೂ ಬಂದಿತ್ತು.

“ಓಕೆ” ಅಂದೆ.

ಅವರು ಹೋದಮೇಲೆ ಸತ್ತವಳ ಹಾಗೆ ಮಲಗಿದೆ. ಹಾಳಾದ್ದು, ಎಷ್ಟು ಚೆನ್ನಾಗಿ ನಿದ್ದೆ ಬಂತು. ಎಬ್ಬಿಸಿದ್ದು ಅಣ್ಣನ ಫೋನ್. ಅಪ್ಪ ಅಲ್ಲೂ ಬಾಯಿ ಬಿಟ್ಟಿಲ್ಲವಂತೆ. ಇವರಿಗೆ ಮಾತೇ ಬರಲ್ವಾ ಅಂತ ನರ್ಸ್ ಕೇಳಿದಳಂತೆ. “ಇಲ್ಲ ಅಂದ್ಬಿಟ್ಟೆ” ಅಂದ.

ಬರುತ್ತೆ ಕಣೋ. ನಾಳೆ ನಾನೇ ಹೋಗಿ ಅವಳಿಗೆ ಗಿಡ್ಡದ್ದು ಅಂದರೆ ಹೂಂ, ಎಳೆದದ್ದು ಅಂದರೆ—