ಮೂರು ಮನೆಗೆ ದೀಪ

ಏಪ್ರಿಲ್ ೬, ಆದಿತ್ಯವಾರ

ಪ್ರವಾಸಿಗರಿಗೆ ಬಾಡಿಗೆಗೆಂದು ಕಟ್ಟಿಸಿದ ಮೂರೂ ಮನೆಯ ಅಂಗಳ ಗುಡಿಸಿ ರಂಗೋಲಿ ಹಾಕಿದ್ದಾಯಿತು. ನಡುವಿನ ಮನೆಯ ಕಿಟಕಿ ಸರಳಿಗೆ ಮತ್ತೆ ತುಕ್ಕು. ಉಪ್ಪುಗಾಳಿ. ನಿತ್ಯಾನಂದನಿಗೆ ಹೇಳಿದೆ. ‘ನೋಡ್ವ’ ಎಂದ. ನನ್ನ ಮಗನ ‘ನೋಡ್ವ’ಕ್ಕೆ ಒಂದು ವರ್ಷ ಆಯಸ್ಸು.

ಮಧ್ಯಾಹ್ನದವರೆಗೆ ಅಪ್ಸರಕೊಂಡದ ಜಲಪಾತ ನೋಡಲು ಹೋದ ಕಾರು ಇಪ್ಪತ್ತೆಂಟು. ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಎಣಿಸಿದೆ. ನಮ್ಮ ಗೇಟಿನ ಹತ್ತಿರ ನಿಂತದ್ದು ಒಂದು. ಟೈರ್ ನೋಡಿಕೊಂಡು ಹೋದರು.

ಇಷ್ಟು ಜನ ಬರುತ್ತಾರೆ. ಒಬ್ಬರೂ ಉಳಿಯುವುದಿಲ್ಲ. ಕೆಂಪು ಚಿರೆಕಲ್ಲಿನ ಗಟ್ಟಿ ಮನೆ. ಒಂದೊಂದು ಸಾಲನ್ನೂ ನಾನೇ ನಿಂತು ಕಟ್ಟಿಸಿದ್ದು. ಮುಂದೆ ಸಮುದ್ರ, ಹಿಂದೆ ಬಾವಿ. ಇನ್ನೇನು ಬೇಕು?

ಮುಸ್ಸಂಜೆ ಮೂರೂ ಮನೆಗೆ ದೀಪ ಇಟ್ಟು ಬಂದೆ. ಹಾಲುಕ್ಕಿಸಿದ ಮನೆ ಒಂದು ದಿನವೂ ಕತ್ತಲಲ್ಲಿ ಇರಬಾರದು. ನನ್ನ ಅತ್ತೆ ಕಲಿಸಿದ್ದು. ಬಾಗಿಲಲ್ಲಿ ಒಂದೊಂದು ಜೊತೆ ಚಪ್ಪಲಿಯೂ ಇದೆ. ಯಾರೂ ಇಲ್ಲವೆಂದು ಕಳ್ಳರಿಗೆ ತಿಳಿಯಬಾರದು. ಮೊದಲ ಮನೆಯ ಬಾಗಿಲಲ್ಲಿರುವುದು ಇವರದು. ಇವರು ತೀರಿಹೋಗಿ ಆರು ವರ್ಷವಾದರೂ ಚಪ್ಪಲಿ ಗಟ್ಟಿಯಾಗಿದೆ.

ಏಪ್ರಿಲ್ ೧೪, ಸೋಮವಾರ

ಬ್ರೋಕರ್ ಗುರುದತ್ತ ಬಂದಿದ್ದ. ಮೂರರಲ್ಲಿ ಒಂದು ಮನೆ ಮಾರಿಕೊಡು ಎಂದು ಹೇಳಿ ವರ್ಷವಾಯಿತು. ಎರಡು ಗ್ಲಾಸ್ ಕೋಕಂ ಶರಬತ್ತು ಕುಡಿದ.

‘ಮಾರ್ಕೆಟ್ ಸ್ಲೋ ಅದೆ ಅಮ್ಮ.’

‘ಸ್ಲೋ ಅಂದ್ರೆ ಎಂತ? ಬತ್ತಾ ಅದೆ, ಇನ್ನೂ ದಾರಿಯಲ್ಲಿ ಅದೆ ಅಂತನಾ?’

‘ಹಾಂಗಲ್ಲ. ಈ ರಸ್ತೆಗೇ ಹನ್ನೆರಡು ಬೋರ್ಡು ಬಿದ್ದದೆ, ಮನೆ ಮಾರಾಟಕ್ಕಿದೆ ಅಂತ. ಎಲ್ಲರೂ ಕಟ್ಟಿದ್ರು. ತಕಂಬವ್ರು ಬೇಕಲ್ಲ.’

ಲೆಕ್ಕ ಸರಿ ಇರಬಹುದು. ನನಗೆ ಅರ್ಥವಾಗಲಿಲ್ಲ. ಬೀಚು ಚೆನ್ನಾಗಿದೆ ಎಂದು ಪೇಪರಿನಲ್ಲಿ ಬರುತ್ತದೆ. ಟೀವಿಯಲ್ಲಿ ಬರುತ್ತದೆ. ಮನೆ ಮಾತ್ರ ಯಾರಿಗೂ ಬೇಡ.

ಹೋಗುವಾಗ ಅವನು ನಿತ್ಯಾನಂದನ ಜೊತೆ ಗೇಟಿನಲ್ಲಿ ಬಹಳ ಹೊತ್ತು ಮಾತಾಡಿದ. ನಾನು ನೋಡಿದ ಕೂಡಲೇ ದನಿ ತಗ್ಗಿತು.

ಏಪ್ರಿಲ್ ೧೬

ಗೊತ್ತಾಯಿತು. ಯಾವುದೋ ಕಂಪನಿ. ಮೂರೂ ಮನೆಯನ್ನು ಹದಿನೈದು ವರ್ಷಕ್ಕೆ ಲೀಸ್ ಕೇಳುತ್ತಿದೆ. ಜಾಗ ನನ್ನ ಹೆಸರಿನಲ್ಲಿದೆ, ಸಹಿ ನನ್ನದೇ ಬೇಕು.

‘ಒಂದು ಸಹಿ ಹಾಕು ಅಮ್ಮ. ಬಣ್ಣ, ಬುಕ್ಕಿಂಗು, ರಿಪೇರಿ, ಎಲ್ಲಾ ಅವ್ರೇ ನೋಡ್ಕಂತ್ರು,’ ಎಂದ ನಿತ್ಯಾನಂದ.

‘ನಾನು?’

‘ನೀನು ಆರಾಮ ಕೂತ್ಕ.’

‘ಅಂಗಳಕ್ಕೆ ಹೋಗೂಕೆ?’

ಮಗ ಸೊಸೆಯ ಮುಖ ನೋಡಿದ. ರೇಖಾಳೇ ಹೇಳಿದಳು — ‘ಬೇಲಿ ಹಾಕ್ತ್ರಂತೆ ಅತ್ತೆ. ಗೇಟಿಗೆ ವಾಚ್‌ಮನ್. ಕೇಳಿ ಒಳಗೆ ಹೋಗ್ಬೇಕಂತೆ.’

ನಾನು ಕಟ್ಟಿಸಿದ ಮನೆಗೆ ನಾನು ಕೇಳಿ ಹೋಗಬೇಕು!

ರಾತ್ರಿ ಊಟಕ್ಕೆ ಮೊದಲು ತೀರ್ಮಾನ ಹೇಳಿದೆ. ಮೇ ೩೧ರ ತನಕ ನನಗೆ ಬಿಡಿ. ಅಷ್ಟರೊಳಗೆ ಒಂದು ಮನೆಗಾದರೂ ಜನ ಬಂದು ಉಳಿದರೆ ಕಂಪನಿಯ ಮಾತು ಮತ್ತೆ ಎತ್ತಬಾರದು. ಬರದಿದ್ದರೆ ಸಹಿ. ಇಬ್ಬರೂ ಒಪ್ಪಿದರು. ಬಹಳ ಬೇಗ ಒಪ್ಪಿದರು.

ಏಪ್ರಿಲ್ ೨೧

ರೇಖಾ ಮನೆಯ ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿದ್ದಾಳೆ. ಮೂರು ಫೋನು ಬಂತು. ಒಬ್ಬ ಕೇಳಿದ್ದು, ಸ್ವಿಮ್ಮಿಂಗ್ ಪೂಲ್ ಇದೆಯೆ? ಎದುರಿಗೆ ಅರಬ್ಬೀ ಸಮುದ್ರ ಇದೆ ಎಂದೆ. ಫೋನ್ ಇಟ್ಟ. ನಾನು ಹೇಳಿದ್ದರಲ್ಲಿ ತಪ್ಪೇನು?

‘ಅತ್ತೆ, ರಸ್ತೆ ಬದಿಗೆ ಒಂದು ಬೋರ್ಡಾದ್ರೂ ಹಾಕ್ವ. ಮನೆ ಬಾಡಿಗೆಗೆ ಅದೆ ಅಂತ.’

ಬೇಡ ಎಂದೆ. ಬೋರ್ಡು ಹಾಕಿ ಕರೆಯುವುದು ಬೀದಿಯಲ್ಲಿ ನಿಂತು ಸೆರಗೊಡ್ಡಿದ ಹಾಗೆ. ಮನೆ ನೋಡಿದರೆ ತಿಳಿಯಬೇಕು. ತಿಳಿಯದವರು ಬರುವುದೂ ಬೇಡ.

ಮೇ ೨, ಶುಕ್ರವಾರ

ಮೀನಿನ ಹೊನ್ನಮ್ಮನಿಗೆ ಇವತ್ತು ಸರಿಯಾಗಿ ಬೈದೆ. ಬುಟ್ಟಿ ಇಳಿಸಿದವಳೇ ನಗುತ್ತ ಹೇಳುತ್ತಾಳೆ — ‘ನಿಮ್ಗೆ ಎಂತ ಬಿಡಿ ಮಾದೇವಕ್ಕ, ಸೀಸನ್ ಜೋರು. ಮೂರು ಮನೆಯೂ ಫುಲ್ಲು!’

ವರ್ಷದಿಂದ ಖಾಲಿ ಬಿದ್ದ ಮನೆಯನ್ನು ತೋರಿಸಿ, ನನ್ನ ಮುಂದೆಯೇ, ನನ್ನ ಜಗಲಿಯಲ್ಲಿ ಕುಳಿತು ಹಂಗಿಸುವುದೆ? ಬುಟ್ಟಿ ಎತ್ತಿಕೊಂಡು ನಡಿ ಎಂದೆ. ಅವಳು ಬಾಯಿ ಬಿಟ್ಟು ನೋಡಿದಳು. ಏನೂ ತಿಳಿಯದವಳ ಹಾಗೆ. ನಾಟಕ!

ಇನ್ನು ಅವಳ ಹತ್ತಿರ ಮೀನು ತೆಗೆದುಕೊಳ್ಳುವುದಿಲ್ಲ.

ಮೇ ೯

ಬದನೆಕಾಯಿ ಸಾರು. ನಾಲ್ಕನೆಯ ದಿನ. ನಿತ್ಯಾನಂದ ತಟ್ಟೆ ನೋಡಿ ನಿಟ್ಟುಸಿರು ಬಿಟ್ಟ. ನಾನು ನೋಡದ ಹಾಗೆ ಇದ್ದೆ.

ಇವತ್ತು ಸಂಜೆ ಒಂದು ಕಾರು ನಿಧಾನವಾಯಿತು. ಒಳಗಿನವರು ಮೂರೂ ಮನೆ ನೋಡಿದರು, ಏನೋ ಮಾತಾಡಿಕೊಂಡರು, ಹೋದರು. ಆಗಷ್ಟೇ ದೀಪ ಇಟ್ಟು ಬಂದಿದ್ದೆ. ರಂಗೋಲಿ ಅಳಿಸಿರಲಿಲ್ಲ. ಎಲ್ಲ ಲಕ್ಷಣವಾಗಿತ್ತು. ಯಾವುದು ಸರಿ ಕಾಣಲಿಲ್ಲ ಅವರಿಗೆ?

ಯಾರದಾದರೂ ದೃಷ್ಟಿ ಬಿದ್ದಿದೆಯೋ…

ಮೇ ೧೮, ಆದಿತ್ಯವಾರ

ಇವತ್ತಿನದನ್ನು ಬರೆದಿಡಬೇಕು.

ಬೆಳಿಗ್ಗೆ ಅಪ್ಸರಕೊಂಡದ ದೇವಸ್ಥಾನಕ್ಕೆ ಹೋಗಿದ್ದೆ. ಮೆಟ್ಟಿಲ ಹತ್ತಿರ ಹಾವೇರಿ ಕಡೆಯ ಒಂದು ಸಂಸಾರ. ಗಂಡ, ಹೆಂಡತಿ, ಒಂದು ಮುದುಕಿ. ಮುದುಕಿ ಕಾಲು ಒತ್ತಿಕೊಳ್ಳುತ್ತಿದ್ದಳು. ಎಲ್ಲಿ ಉಳಿದಿದ್ದೀರಿ ಎಂದು ಕೇಳಿದೆ.

‘ಮುರ್ಡೇಶ್ವರದಾಗ್ರಿ,’ ಎಂದಳು ಆ ಮುದುಕಿಯ ಸೊಸೆ. ‘ಇಲ್ಲೇ ಇರೂಣು ಅಂತ ಭಾಳ ಮನಸಿತ್ತು. ಅಲ್ಲಿ ದಂಡಿ ಮ್ಯಾಲೆ ಮೂರು ಕೆಂಪು ಕಲ್ಲಿನ ಮನಿ ಅದಾವಲ್ರಿ? ನಮ್ಮ ಅತ್ತಿಯವರಿಗೆ ಅವೇ ಬೇಕಾಗಿದ್ವು.’

‘ಮತ್ತೆ?’

‘ಮೊನ್ನೆ ಸಂಜಿಗೆ ಬಂದು ನೋಡಿದ್ವಿ. ಮೂರರಾಗೂ ದೀಪ ಹಚ್ಚಿದ್ರು. ಬಾಗಲಾಗ ಚಪ್ಪಲಿ. ಮಂದಿ ಅದಾರ, ಯಾಕ ತ್ರಾಸ ಕೊಡೂದು ಅಂತ ಹಂಗ ಹೋದ್ವಿ.’

ಆ ಮನೆಗಳು ನನ್ನವು ಎನ್ನಬಹುದಿತ್ತು. ಒಳಗೆ ಯಾರೂ ಇಲ್ಲ, ಈಗಲೇ ಬನ್ನಿ ಎನ್ನಬಹುದಿತ್ತು. ‘ಹೌದಾ’ ಎಂದೆ. ಮುದುಕಿಯ ಕೈಗೆ ಪ್ರಸಾದದ ಹೂ ಕೊಟ್ಟು ಬಂದುಬಿಟ್ಟೆ.

ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಕೇರಿಗೆಲ್ಲ ನಾನೊಬ್ಬಳೇ ಪಾಸು. ಇಷ್ಟು ದಿನ ಇದು ತಲೆಗೆ ಹೋಗಲಿಲ್ಲ.

ಇವರು ದೋಣಿಗೆ ಹೋಗುತ್ತಿದ್ದ ಕಾಲದಲ್ಲಿ ದಂಡೆಯ ದೀಪ ಕಂಡರೆ ‘ಬಾ’ ಎಂದು ಅರ್ಥ. ಈಗ ಅದೇ ದೀಪ ಕಂಡು ಜನ ಮುಂದೆ ಹೋಗುತ್ತಾರೆ. ದೀಪ ಬದಲಾಗಿಲ್ಲ. ಏನು ಬದಲಾಯಿತು?

ಮೇ ೧೯

ಹೊನ್ನಮ್ಮನನ್ನು ಕರೆಸಿದೆ. ಗೇಟಿನ ಹೊರಗೇ ನಿಂತಳು.

‘ಅವತ್ತು ಫುಲ್ಲು ಅಂದ್ಯಲ್ಲ. ಎಂತಕೆ ಅಂದೆ?’

‘ಫುಲ್ ಇದ್ದದ್ಕೆ ಫುಲ್ ಅಂದೆ. ದಿನಾ ದಂಡೆ ಮೇಲಿಂದ ನೋಡ್ತೆ, ಮೂರೂ ಮನೆಗೆ ದೀಪ. ಜಾಗ ಕೇಳ್ದವ್ರಿಗೆ ನಾನೇ ಹೇಳಿ ಕಳ್ಸಿದ್ದೆ, ಅಲ್ಲಿ ಜನ ಇದ್ರು, ಮುಂದೆ ಹೋಗಿ ಅಂತ.’

‘ಎಷ್ಟು ಜನಕ್ಕೆ ಹೇಳ್ದೆ?’

‘ಏಳೆಂಟು ಕಾರಿಗೆ ಹೇಳಿದ್ನೇನೊ. ನಿಮ್ಗೆ ಉಪಕಾರ ಆತು ಅಂತ ಮಾಡ್ಕಂಡಿದ್ದೆ. ನೀವು ನನ್ ಬಂಗಡೆ ಮೇಲೆ ಸಿಟ್ಟು ಮಾಡಿದ್ರಿ!’

ಒಳಗೆ ರೇಖಾ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಕೇಳಿಸಿತು. ಕೇಳಿಸದ ಹಾಗೆ ಹನ್ನೆರಡು ಬಂಗಡೆ ತೆಗೆದುಕೊಂಡೆ. ಚೌಕಾಶಿ ಮಾಡಲಿಲ್ಲ. ನನ್ನಿಂದ ಅದಕ್ಕಿಂತ ಹೆಚ್ಚು ಕ್ಷಮೆ ಆಗುವುದಿಲ್ಲ.

ಮೇ ೨೪, ಶನಿವಾರ

ಮಳೆ ಆಗಲೇ ಹಿಡಿಯಿತು. ಕಾರು ಎಂಟು.

ದೀಪ ಇಡಬೇಡ, ಒಂದು ವಾರ ಸಾಕು ಎನ್ನುತ್ತಾನೆ ನಿತ್ಯಾನಂದ. ಹೇಳುವುದು ಸುಲಭ. ಬೀಗ ಹಾಕಿ ಕತ್ತಲು ಮಾಡಿದ ಮನೆ ಎಂದರೆ ಸಾವಾದ ಮನೆ, ಬಿಟ್ಟುಹೋದ ಮನೆ. ನನ್ನ ಮೂರು ಮನೆ ಹಾಗೆ ಕಾಣಬೇಕೆ?

ಐದು ದಿನದಿಂದ ಹಿಂದಿನ ಕೋಣೆಯಲ್ಲಿ, ಕಿಟಕಿ ಮುಚ್ಚಿ ದೀಪ ಇಡುತ್ತಿದ್ದೇನೆ. ಕದ್ದ ಮಾಲು ಅಡಗಿಸಿದ ಹಾಗೆ. ಗೋಡೆಗೆ ಮಸಿ. ಬಾಗಿಲ ಸಂದಿಯಿಂದ ಬೆಳಕು ಹೊರಗೆ ಕಾಣುತ್ತದಂತೆ, ರೇಖಾ ರಸ್ತೆಗೆ ಹೋಗಿ ನೋಡಿ ಬಂದಳು. ಇಟ್ಟ ಹಾಗೂ ಅಲ್ಲ, ಇಡದ ಹಾಗೂ ಅಲ್ಲ.

ದೇವರಿಗೆ ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ. ಯಾರನ್ನು ಕೇಳಲಿ? ನನ್ನನ್ನು ಕೇಳುವವರೇ ಊರಿನಲ್ಲಿ ಇರುವುದು.

ಮೇ ೩೦

ನಾಳೆ ಸಂಜೆ ಏಳು ಗಂಟೆಗೆ ಗುರುದತ್ತ ಕಂಪನಿಯವರನ್ನು ಕರೆತರುತ್ತಾನೆ. ಕಾಗದ ಮೇಜಿನ ಮೇಲಿದೆ. ಸಹಿಯ ಜಾಗದಲ್ಲಿ ರೇಖಾ ಪೆನ್ಸಿಲಿನಿಂದ ಗುರುತು ಹಾಕಿದ್ದಾಳೆ. ಅವಳ ಕಣ್ಣು ಕೆಂಪಗಿತ್ತು. ಅವಳಿಗೂ ಇದು ಬೇಡವೆಂದು ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ.

ಮೇ ೩೧, ಶನಿವಾರ. ಮುಸ್ಸಂಜೆ ೬-೪೦

ಮಳೆ ನಿಂತಿದೆ. ಚಪ್ಪಲಿ ಒಳಗಿಟ್ಟೆ. ಮೂರು ಜೊತೆ. ಇವರದನ್ನು ಒರೆಸಿ ನನ್ನ ಕಪಾಟಿನಲ್ಲಿಟ್ಟೆ.

ದೀಪ ಇಡಲಿಲ್ಲ. ಇಲ್ಲಿ ನನ್ನ ಮನೆಯಲ್ಲಿ ಒಂದು ಮಾತ್ರ. ಎಣ್ಣೆಯ ಗಿಂಡಿ ಕೈಯಲ್ಲಿ ಹಿಡಿದು ಅಂಗಳದವರೆಗೆ ಹೋಗಿ ತಿರುಗಿ ಬಂದೆ. ಮೂರೂ ಮನೆ ಕಪ್ಪಗೆ ನಿಂತಿವೆ. ಅತ್ತ ನೋಡಲು ಆಗುವುದಿಲ್ಲ. ಇತ್ತ ತಿರುಗಿ ಕುಳಿತು ಬರೆಯುತ್ತಿದ್ದೇನೆ.

ರೇಖಾ ಗೇಟಿನಲ್ಲಿ ನಿಂತಿದ್ದಾಳೆ. ನಿತ್ಯಾನಂದ ಎರಡು ಸಲ ಗಡಿಯಾರ ನೋಡಿದ. ಮೂರನೆಯ ಸಲ ನೋಡಲಿಲ್ಲ.

೬-೫೦

ಕಾರು. ಗುರುದತ್ತನದು ಬಿಳಿ, ಇದು ಯಾವ ಬಣ್ಣವೋ ಕಾಣುವುದಿಲ್ಲ. ಮಗುವಿನ ಅಳು ಕೇಳಿಸಿತು. ಕಂಪನಿಯವರು ಮಗುವನ್ನು ತರುತ್ತಾರೆಯೆ?

ರೇಖಾ ಕೂಗಿದಳು — ‘ಅತ್ತೆ, ಯಾರೋ ಕೇಳ್ತಾ ಇದ್ರು, ಮನೆ ಖಾಲಿ ಇದ್ಯಾ ಅಂತ. ಎಂತ ಹೇಳ್ಲಿ?’

ಅವಳಿಗೆ ಗೊತ್ತು. ಆದರೂ ನನ್ನನ್ನೇ ಕೇಳುತ್ತಾಳೆ.

ಖಾಲಿ. ನಾನು ಕಟ್ಟಿಸಿದ ಮನೆಯ ಬಗ್ಗೆ ಆ ಮಾತು ಈ ಬಾಯಿಂದ ಇವತ್ತಿನವರೆಗೆ ಬಂದಿಲ್ಲ. ನಾನೇ ಹೋಗಿ ಹೇಳುತ್ತೇನೆ. ಮಗು ಒಳಗೆ ಬರುವ ಮೊದಲು ದೀಪ ಇಡಬೇಕು. ಗಿಂಡಿ ಎಲ್ಲಿಟ್ಟೆ, ಇಲ್ಲೇ ಕೈಯಲ್ಲಿ ಇತ್ತು